ಮೇಜಿನ ಮುಂದಿನ ವ್ರತ: ಕಥೆಗಾರ್ತಿ ಫ್ಲಾನರಿ ಓಕಾನರ್

ಕಥೆ ಬರೆಯಬೇಕೆಂಬ ಹಂಬಲ ನಮ್ಮ ಕುಟುಂಬಗಳಲ್ಲಿ ಅನೇಕರಿಗೆ ಇದೆ. ಧರ್ಮಕೇಂದ್ರದ ಸ್ಮರಣ ಸಂಚಿಕೆಗೋ ಕ್ರಿಸ್ಮಸ್ ವಿಶೇಷಾಂಕಕ್ಕೋ ಒಂದು ಕಥೆ ಕಳುಹಿಸಬೇಕೆಂದು ಲೇಖನಿ ಹಿಡಿದು ಕುಳಿತು, ಅರ್ಧ ಗಂಟೆಯಲ್ಲಿ ಏನೂ ಹೊಳೆಯಲಿಲ್ಲವೆಂದು ಎದ್ದು ಹೋದವರು ಕಡಿಮೆಯೇನಲ್ಲ. ಸ್ಫೂರ್ತಿ ಬರಲಿ, ಆಮೇಲೆ ಬರೆಯೋಣ ಎಂಬುದು ಒಂದು ಸಮಾಧಾನ. ಮಕ್ಕಳ ಪರೀಕ್ಷೆ ಮುಗಿಯಲಿ, ಮನೆಯ ಜಂಜಾಟ ತಗ್ಗಲಿ, ಆರೋಗ್ಯ ಸುಧಾರಿಸಲಿ ಎಂಬುದು ಇನ್ನೊಂದು. ಹೀಗೆ ಕಾಯುತ್ತ ಕಾಯುತ್ತ ಹಂಬಲವೇ ಆರಿಹೋಗುತ್ತದೆ.

ಕಾಯುವುದಕ್ಕೆ ಎಲ್ಲರಿಗಿಂತ ಹೆಚ್ಚಿನ ಕಾರಣವಿದ್ದೂ ಕಾಯದೆ ಕುಳಿತು ಬರೆದವರೊಬ್ಬರ ಬಾಳನ್ನು ಈ ವಾರ ನೆನೆಯೋಣ. ಅಮೆರಿಕದ ದಕ್ಷಿಣ ಭಾಗದ ಜಾರ್ಜಿಯಾ ರಾಜ್ಯದಲ್ಲಿ ಹುಟ್ಟಿ, ಕೇವಲ 39 ವರ್ಷ ಬದುಕಿ, ಎರಡು ಕಾದಂಬರಿಗಳನ್ನೂ ಸುಮಾರು 30 ಸಣ್ಣ ಕಥೆಗಳನ್ನೂ ಬಿಟ್ಟುಹೋದ ಫ್ಲಾನರಿ ಓಕಾನರ್ ಇಪ್ಪತ್ತನೆಯ ಶತಮಾನದ ಶ್ರೇಷ್ಠ ಕಥೆಗಾರರ ಸಾಲಿಗೆ ಸೇರಿದವರು. ನಿಷ್ಠಾವಂತ ಕಥೋಲಿಕ ಮಹಿಳೆಯಾಗಿದ್ದ ಅವರು, ಬರವಣಿಗೆಯನ್ನು ಪ್ರಾರ್ಥನೆಯಂತೆಯೇ ದಿನನಿತ್ಯದ ಕರ್ತವ್ಯವೆಂದು ಬಗೆದು ನಡೆದುಕೊಂಡರು.

ಮಂಗಳವಾರ್ತೆಯ ದಿನ ಹುಟ್ಟಿದ ಮಗು

ಮೇರಿ ಫ್ಲಾನರಿ ಓಕಾನರ್ ಹುಟ್ಟಿದ್ದು 1925ರ ಮಾರ್ಚ್ 25ರಂದು, ಮಂಗಳವಾರ್ತೆಯ ಹಬ್ಬದ ದಿನ, ಸವಾನಾ ಎಂಬ ಬಂದರು ನಗರದಲ್ಲಿ. ತಂದೆ ಎಡ್ವರ್ಡ್, ತಾಯಿ ರೆಜೀನಾ. ಇಬ್ಬರದೂ ಐರಿಷ್ ಮೂಲದ ಕಥೋಲಿಕ ಮನೆತನ. ಅವರ ಮನೆಯಿದ್ದ ಚೌಕದಲ್ಲೇ ಸ್ನಾನಿಕ ಸಂತ ಯೊವಾನ್ನರ ಪ್ರಧಾನಾಲಯವಿತ್ತು. ಸುತ್ತಲಿನ ಪ್ರಾಂತವೆಲ್ಲ ಪ್ರೊಟೆಸ್ಟೆಂಟ್ ಪಂಗಡಗಳದು. ಕಥೋಲಿಕರು ಅಲ್ಲಿ ಅಲ್ಪಸಂಖ್ಯಾತರು. ತನ್ನವರಲ್ಲದವರ ನಡುವೆ ತನ್ನ ವಿಶ್ವಾಸವನ್ನು ಕಾಪಾಡಿಕೊಂಡು, ಅವರ ಮಾತು ನಡತೆಗಳನ್ನು ಕಿವಿಗೊಟ್ಟು ಕೇಳುತ್ತ ಬೆಳೆದ ಈ ಒಬ್ಬಳೇ ಮಗಳಿಗೆ ಎಲ್ಲವನ್ನೂ ನೆಟ್ಟ ನೋಟದಿಂದ ನೋಡುವ ಅಭ್ಯಾಸ ಬಾಲ್ಯದಲ್ಲೇ ಬಂತು.

ಹಕ್ಕಿಗಳೆಂದರೆ ಆಕೆಗೆ ಪ್ರಾಣ. ಮನೆಯ ಕೋಳಿಯೊಂದಕ್ಕೆ ಹಿಮ್ಮುಖವಾಗಿ ನಡೆಯಲು ಬರುತ್ತದೆಂಬ ಸುದ್ದಿ ಹರಡಿ, ವಾರ್ತಾಚಿತ್ರ ತಯಾರಿಸುವ ಕಂಪೆನಿಯೊಂದು ಆ ಕೋಳಿಯನ್ನೂ ಪುಟ್ಟ ಹುಡುಗಿಯನ್ನೂ ಚಿತ್ರೀಕರಿಸಿಕೊಂಡು ಹೋಯಿತು. ಮುಂದೆ ತಮ್ಮ ಜೀವನದ ಅತಿ ದೊಡ್ಡ ಘಟನೆ ಅದೇ ಎಂದು ಅವರು ತಮಾಷೆ ಮಾಡುತ್ತಿದ್ದರು. ಬಾಲ್ಯವನ್ನು ದಾಟಿ ಬಂದ ಯಾರಿಗೇ ಆಗಲಿ ಬಾಳಿನುದ್ದಕ್ಕೂ ಬರೆಯುವಷ್ಟು ಸಾಮಗ್ರಿ ಸಿಕ್ಕಿರುತ್ತದೆ ಎಂಬುದು ಅವರ ದೃಢವಾದ ಅಭಿಪ್ರಾಯ.

ಆದರೆ ಆ ಬಾಲ್ಯಕ್ಕೆ ಬೇಗನೆ ಕತ್ತಲೆ ಕವಿಯಿತು. ತಂದೆಗೆ ಲೂಪಸ್ ಎಂಬ ಕಾಯಿಲೆ ತಗಲಿತು. ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ದೇಹದ ಮೇಲೆ ತಿರುಗಿಬೀಳುವ ರೋಗವದು. ಅಂದಿನ ದಿನಗಳಲ್ಲಿ ಅದಕ್ಕೆ ಮದ್ದಿರಲಿಲ್ಲ. ಕುಟುಂಬವು ತಾಯಿಯ ಊರಾದ ಮಿಲೆಜ್‌ವಿಲ್‌ಗೆ ಬಂದು ನೆಲೆಸಿತು. 1941ರ ಫೆಬ್ರವರಿಯಲ್ಲಿ ತಂದೆ ತೀರಿಕೊಂಡಾಗ ಮಗಳಿಗೆ 15 ವರ್ಷ.

ನೋಟ್‌ಬುಕ್ಕಿನಲ್ಲಿ ಬರೆದ ಪ್ರಾರ್ಥನೆ

ಊರಿನ ಮಹಿಳಾ ಕಾಲೇಜಿನಲ್ಲಿ ಓದುತ್ತಿದ್ದಾಗ ಫ್ಲಾನರಿ ಕಾಲೇಜು ಪತ್ರಿಕೆಗೆ ವ್ಯಂಗ್ಯಚಿತ್ರಗಳನ್ನು ಬಿಡಿಸುತ್ತಿದ್ದರು. ಮನುಷ್ಯರ ನಿಲುವು, ಮೂಗು, ಟೋಪಿ, ನಡಿಗೆ ಇವುಗಳನ್ನು ನಾಲ್ಕು ಗೆರೆಗಳಲ್ಲಿ ಹಿಡಿಯುವ ಆ ಕಸುಬು ಮುಂದೆ ಕಥೆಗಳಿಗೆ ಒದಗಿ ಬಂತು. 1945ರಲ್ಲಿ ಪದವಿ ಮುಗಿಸಿ ದೂರದ ಅಯೋವಾ ವಿಶ್ವವಿದ್ಯಾನಿಲಯಕ್ಕೆ ಪತ್ರಿಕೋದ್ಯಮ ಕಲಿಯಲು ಹೋದರು. ಅಲ್ಲಿ ಕಥೆ, ಕವಿತೆ ಬರೆಯುವುದನ್ನು ಕಲಿಸುವ ಹೆಸರಾಂತ ಕಾರ್ಯಾಗಾರವೊಂದಿತ್ತು. ಅದರ ನಿರ್ದೇಶಕ ಪಾಲ್ ಎಂಗಲ್ ಅವರ ಬಳಿಗೆ ಹೋಗಿ ತಮ್ಮ ಬಯಕೆಯನ್ನು ಹೇಳಿದಾಗ, ದಕ್ಷಿಣದ ಆ ಉಚ್ಚಾರ ಅವರಿಗೆ ಅರ್ಥವೇ ಆಗಲಿಲ್ಲ. ಕೊನೆಗೆ ಹೇಳಬೇಕಾದುದನ್ನು ಕಾಗದದ ಮೇಲೆ ಬರೆದುಕೊಡುವಂತೆ ಕೇಳಿದರು. ತಾನು ಪತ್ರಕರ್ತೆಯಲ್ಲ, ಕಾರ್ಯಾಗಾರಕ್ಕೆ ಸೇರಬಹುದೇ ಎಂದು ಆಕೆ ಬರೆದುಕೊಟ್ಟರು. ಮಾದರಿಗಾಗಿ ತಂದ ಕಥೆಗಳನ್ನು ಓದಿದ ಮೇಲೆ ಎಂಗಲ್ ಅವರಿಗೆ ಯಾವ ಸಂಶಯವೂ ಉಳಿಯಲಿಲ್ಲ.

ಮನೆಯಿಂದ ನೂರಾರು ಮೈಲಿ ದೂರದಲ್ಲಿ ಆಕೆಗೆ ಆಸರೆಯಾದದ್ದು ಸಂತ ಮರಿಯಮ್ಮನವರ ಹೆಸರಿನ ದೇವಾಲಯ. ದಿನವೂ ಅಲ್ಲಿನ ಬಲಿಪೂಜೆಗೆ ಹೋಗುತ್ತಿದ್ದರು. 1946ರ ಜನವರಿಯಿಂದ 1947ರ ಸೆಪ್ಟೆಂಬರ್‌ವರೆಗೆ ಒಂದು ಸಾಧಾರಣ ನೋಟ್‌ಬುಕ್ಕಿನಲ್ಲಿ ದೇವರಿಗೆ ಪತ್ರ ಬರೆದಂತೆ ಪ್ರಾರ್ಥನೆಗಳನ್ನು ಬರೆದಿಟ್ಟರು. ಒಳ್ಳೆಯ ಲೇಖಕಿಯಾಗಬೇಕೆಂಬ ಆಸೆಯನ್ನು ಅದರಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ತನ್ನ ಅಹಂಕಾರ ದೇವರಿಗೂ ತನಗೂ ನಡುವೆ ಅಡ್ಡ ನಿಲ್ಲದಿರಲೆಂದೂ, ಒಳ್ಳೆಯ ಕಥೆಯೊಂದು ಮೂಡಿದರೆ ತಾನು ಕೇವಲ ಉಪಕರಣವೆಂಬುದು ಮರೆಯದಿರಲೆಂದೂ ಬೇಡಿಕೊಂಡಿದ್ದಾರೆ. ಈ ಪುಸ್ತಕ ಬೆಳಕು ಕಂಡದ್ದು ಅವರು ತೀರಿಕೊಂಡು ಸುಮಾರು ಅರ್ಧ ಶತಮಾನದ ನಂತರ, 2013ರಲ್ಲಿ.

ಇದೇ ಕಾಲದಲ್ಲಿ ಫ್ರೆಂಚ್ ಕಥೋಲಿಕ ತತ್ವಜ್ಞಾನಿ ಜಾಕ್ ಮಾರಿತೇನ್ ಅವರ ಚಿಂತನೆ ಫ್ಲಾನರಿಗೆ ಪರಿಚಯವಾಯಿತು. ಸಂತ ತೋಮಸ್ ಅಕ್ವಿನಾಸರ ಬೋಧನೆಯನ್ನು ಆಧರಿಸಿ ಮಾರಿತೇನ್ ಹೇಳಿದ ವಿಚಾರ ಇಷ್ಟು: ಕಲೆ ಎಂಬುದು ಕ್ಷಣಿಕ ಆವೇಶವಲ್ಲ, ಅದು ಬುದ್ಧಿಯಲ್ಲಿ ನೆಲೆಗೊಳ್ಳುವ ಒಂದು ಸದ್ಗುಣ. ತಾಳ್ಮೆ, ನ್ಯಾಯ ಮೊದಲಾದ ಗುಣಗಳು ಮತ್ತೆ ಮತ್ತೆ ಆಚರಿಸುವುದರಿಂದ ಮನುಷ್ಯನಲ್ಲಿ ಬೇರೂರುವಂತೆ, ಕಲೆಯೂ ನಿರಂತರ ಅಭ್ಯಾಸದಿಂದ ಬೇರೂರುತ್ತದೆ. ಬಡಗಿಯ ಕೈಗೆ ಉಳಿಯ ಹದ ಬರುವುದೂ ಹೀಗೆಯೇ. ಈ ಒಂದು ವಿಚಾರವನ್ನು ಫ್ಲಾನರಿ ಜೀವನಪೂರ್ತಿ ಕೈಬಿಡಲಿಲ್ಲ.

ತಂದೆಯ ಕಾಯಿಲೆ ಮಗಳಿಗೆ

1949ರಿಂದ ಕನೆಕ್ಟಿಕಟ್ ರಾಜ್ಯದಲ್ಲಿ ರಾಬರ್ಟ್ ಮತ್ತು ಸ್ಯಾಲಿ ಫಿಟ್ಸ್‌ಜೆರಾಲ್ಡ್ ಎಂಬ ಕಥೋಲಿಕ ದಂಪತಿಗಳ ಮನೆಯಲ್ಲಿದ್ದು ಫ್ಲಾನರಿ ತಮ್ಮ ಮೊದಲ ಕಾದಂಬರಿ ‘ವೈಸ್ ಬ್ಲಡ್’ ಬರೆಯುತ್ತಿದ್ದರು. ರಾಬರ್ಟ್ ಗ್ರೀಕ್ ಮಹಾಕಾವ್ಯಗಳನ್ನು ಇಂಗ್ಲಿಷಿಗೆ ತಂದ ವಿದ್ವಾಂಸರು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದುದರಿಂದ ಗಂಡಹೆಂಡಿರಲ್ಲಿ ಒಬ್ಬರು ಮನೆಯಲ್ಲಿ ಉಳಿದರೆ, ಇನ್ನೊಬ್ಬರು ಫ್ಲಾನರಿಯೊಂದಿಗೆ ಬೆಳಗಿನ ಬಲಿಪೂಜೆಗೆ ಹೋಗುತ್ತಿದ್ದರು. ಅಲ್ಲಿಂದ ಬಂದೊಡನೆ ಮಧ್ಯಾಹ್ನದವರೆಗೆ ಬರವಣಿಗೆ. ಆಮೇಲೆ ತಾಯಿಗೆ ಬರೆದ ದಿನದ ಪತ್ರವನ್ನು ಅಂಚೆಗೆ ಹಾಕಲು ಗುಡ್ಡದ ದಾರಿಯಲ್ಲಿ ನಡಿಗೆ. ದಿನಗಳು ಹೀಗೆ ಒಂದೇ ಅಚ್ಚಿನಲ್ಲಿ ಸಾಗಿದವು.

1950ರ ಡಿಸೆಂಬರಿನಲ್ಲಿ ತೋಳುಗಳು ಭಾರವಾಗಿ ಬೆರಳಚ್ಚು ಮಾಡುವುದೇ ಕಷ್ಟವಾಯಿತು. ಕ್ರಿಸ್ಮಸ್ಸಿಗೆಂದು ಊರಿಗೆ ಹೊರಟವರು ರೈಲಿನಲ್ಲೇ ತೀವ್ರ ಅಸ್ವಸ್ಥರಾದರು. ವೈದ್ಯರು ಕಂಡುಹಿಡಿದ ರೋಗ ಲೂಪಸ್, ತಂದೆಯನ್ನು ಬಲಿ ತೆಗೆದುಕೊಂಡ ರೋಗವೇ. ಮಗಳು ಎದೆಗುಂದುವಳೆಂಬ ಭಯದಿಂದ ತಾಯಿ ಈ ವಿಷಯವನ್ನು ಅವಳಿಂದ ಮುಚ್ಚಿಟ್ಟು, ಸಂಧಿವಾತವೆಂದೇ ನಂಬಿಸಿದರು. 1952ರ ಬೇಸಿಗೆಯಲ್ಲಿ ಫಿಟ್ಸ್‌ಜೆರಾಲ್ಡ್ ದಂಪತಿಗಳನ್ನು ಕಾಣಲು ಹೋದಾಗ, ಸತ್ಯವನ್ನು ತಿಳಿಯುವ ಹಕ್ಕು ಆಕೆಗಿದೆ ಎಂದು ಬಗೆದ ಸ್ಯಾಲಿ ಅದನ್ನು ತಿಳಿಸಿದರು. ಆಗ ಫ್ಲಾನರಿಗೆ 27 ವರ್ಷ. ಮೊದಲ ಕಾದಂಬರಿ ಅದೇ ವರ್ಷದ ಮೇ ತಿಂಗಳಲ್ಲಿ ಹೊರಬಂದಿತ್ತು.

ಹೊಸದಾಗಿ ಬಂದ ಹಾರ್ಮೋನ್ ಚುಚ್ಚುಮದ್ದು ಜೀವ ಉಳಿಸಿತು. ಆದರೆ ಕೂದಲು ಉದುರಿತು, ಮುಖ ಊದಿಕೊಂಡಿತು, ಎಲುಬುಗಳು ಸವೆದವು. 1955ರಿಂದ ಎರಡು ಊರುಗೋಲುಗಳಿಲ್ಲದೆ ನಡೆಯುವಂತಿರಲಿಲ್ಲ. ನ್ಯೂಯಾರ್ಕ್‌ನ ಸಾಹಿತ್ಯವಲಯಕ್ಕೆ ಮರಳುವ ಆಸೆಯನ್ನು ಬಿಟ್ಟು ಮಿಲೆಜ್‌ವಿಲ್‌ನಿಂದ 4 ಮೈಲಿ ದೂರದ, ‘ಅಂಡಲೂಸಿಯಾ’ ಎಂಬ ಹೆಸರಿನ ಹೈನುಗಾರಿಕೆಯ ತೋಟದಲ್ಲಿ ತಾಯಿಯೊಂದಿಗೆ ಬಾಳಬೇಕಾಯಿತು. ಊರಿಗೆ ಮರಳುವುದೆಂದರೆ ತಮ್ಮ ಬರವಣಿಗೆಯ ಅಂತ್ಯವೆಂದು ಅವರು ಮೊದಲು ಅಂಜಿದ್ದರು. ಅದು ಆರಂಭವಾಗಿತ್ತೆಂದು ಆಮೇಲೆ ಮನಗಂಡರು.

ಒಂಬತ್ತರಿಂದ ಹನ್ನೆರಡು

ಅಂಡಲೂಸಿಯಾದ ದಿನಚರಿ ಕನ್ಯಾಮಠದ ದಿನಚರಿಯಂತೆ ಕಟ್ಟುನಿಟ್ಟು. ಮುಂಜಾನೆ ಎದ್ದು ಪ್ರಾರ್ಥನಾ ಪುಸ್ತಕದಿಂದ ಬೆಳಗಿನ ಪ್ರಾರ್ಥನೆ. ತಾಯಿಯೊಂದಿಗೆ ಕಾರಿನಲ್ಲಿ ಊರಿನ ಪವಿತ್ರ ಹೃದಯದ ದೇವಾಲಯಕ್ಕೆ ಹೋಗಿ 7 ಗಂಟೆಯ ಬಲಿಪೂಜೆ. ಮನೆಗೆ ಬಂದು 9ರಿಂದ 12ರವರೆಗೆ ಬರವಣಿಗೆ. ರೋಗದ ದೇಹದಲ್ಲಿ ದಿನಕ್ಕೆ ಎರಡು ಮೂರು ಗಂಟೆಯ ಶಕ್ತಿ ಮಾತ್ರ ಇತ್ತು. ಆ ಶಕ್ತಿಯಷ್ಟನ್ನೂ ಈ ಮೂರು ಗಂಟೆಗಳಿಗೇ ಮೀಸಲಿಟ್ಟರು. ಮಧ್ಯಾಹ್ನ ಊಟ, ವಿಶ್ರಾಂತಿ, ಅತಿಥಿಗಳು, ಚಿತ್ರರಚನೆ, ನವಿಲುಗಳ ಆರೈಕೆ. ರಾತ್ರಿ ಮಲಗುವ ಮುನ್ನ ಸಂತ ತೋಮಸರ ಗ್ರಂಥದಿಂದ ಸುಮಾರು 20 ನಿಮಿಷ ಓದು.

ಮೆಟ್ಟಿಲು ಹತ್ತಲಾಗದ ಕಾರಣ ಕೆಳಅಂತಸ್ತಿನ ಕೋಣೆಯೇ ಅವರ ಮಲಗುವ ಕೋಣೆ, ಅದೇ ಬರೆಯುವ ಕೋಣೆ. ಕಿಟಕಿಯ ಹೊರಗೆ ಹುಲ್ಲುಗಾವಲು, ದನಗಳು, ಹಕ್ಕಿಗಳು. ಆದರೆ ಬರೆಯುವ ಮೇಜನ್ನು ಅವರು ಕಿಟಕಿಯ ಕಡೆಗೆ ತಿರುಗಿಸಿರಲಿಲ್ಲ. ಬೆರಳಚ್ಚು ಯಂತ್ರದ ಮುಂದೆ ಕಾಣುತ್ತಿದ್ದುದು ಬಟ್ಟೆಯ ಕಪಾಟೊಂದರ ಬೋಳು ಹಿಂಬದಿ ಮಾತ್ರ. ನೋಡುವ ಹೊತ್ತಿನಲ್ಲಿ ಪೂರ್ತಿಯಾಗಿ ನೋಡುವುದು, ಬರೆಯುವ ಹೊತ್ತಿನಲ್ಲಿ ಬರೆಯುವುದು.

ಎಲ್ಲ ದಿನವೂ ಕಥೆ ಮುಂದುವರಿಯುತ್ತಿತ್ತೆಂದಲ್ಲ. ಏನೂ ಹೊಳೆಯದ ದಿನಗಳೇ ಅನೇಕ. ತಿಂಗಳುಗಟ್ಟಲೆ ಬರೆದದ್ದನ್ನು ಹರಿದು ಹಾಕಿದ ಸಂದರ್ಭಗಳೂ ಉಂಟು. ಆದರೂ ಆ ಮೂರು ಗಂಟೆ ಮೇಜು ಬಿಟ್ಟು ಏಳುತ್ತಿರಲಿಲ್ಲ. ಬೇರೆ ಏನನ್ನೂ ಓದುತ್ತಿರಲಿಲ್ಲ. ಇದಕ್ಕೆ ಅವರು ಕೊಡುತ್ತಿದ್ದ ಕಾರಣ ಸರಳ: ವಿಚಾರವೊಂದು ಬರುವುದಾದರೆ, ಅದನ್ನು ಬರಮಾಡಿಕೊಳ್ಳಲು ತಾನು ಅಲ್ಲಿ ಇರಬೇಕು. ಹರಿದು ಹಾಕಿದ ಪುಟಗಳನ್ನೂ ಅವರು ವ್ಯರ್ಥವೆಂದು ಎಣಿಸಲಿಲ್ಲ. ಇಂದು ಕೆಟ್ಟದ್ದನ್ನು ಬರೆಯದಿದ್ದರೆ ನಾಳೆ ಒಳ್ಳೆಯದು ಸುಲಭವಾಗಿ ಬರುವುದಿಲ್ಲ ಎಂಬುದು ಅವರ ಅನುಭವ.

ಕಥೆಯ ಬೀಜ ಎಲ್ಲಿತ್ತು?

ಹಳ್ಳಿಯ ತೋಟದಲ್ಲಿ ರೋಗಿಯಾಗಿ ಬಿದ್ದವರಿಗೆ ಕಥಾವಸ್ತು ಎಲ್ಲಿಂದ ಸಿಗಬೇಕು? ಫ್ಲಾನರಿಗೆ ಅದರ ಕೊರತೆ ಕಾಡಲಿಲ್ಲ. ತಾಯಿ ರೆಜೀನಾ ಆಳುಗಳೊಂದಿಗೆ ನಡೆಸುವ ವಾಗ್ವಾದ, ತೋಟಕ್ಕೆ ಬರುವ ವ್ಯಾಪಾರಿಗಳ ಬಣ್ಣದ ಮಾತು, ನೆರೆಹೊರೆಯ ಹೆಂಗಸರ ಹರಟೆ ಎಲ್ಲವೂ ಕಿವಿಗೆ ಬೀಳುತ್ತಿದ್ದವು. 1953ರಲ್ಲಿ ಪೋಲೆಂಡಿನ ನಿರಾಶ್ರಿತ ಕುಟುಂಬವೊಂದು ತೋಟದ ಕೆಲಸಕ್ಕೆ ಬಂತು. ಮರುವರ್ಷವೇ ಅಂಥದೊಂದು ಕುಟುಂಬ ಹಳ್ಳಿಯ ತೋಟಕ್ಕೆ ಬಂದಾಗ ಏಳುವ ಅಸೂಯೆ, ಭಯ ಮತ್ತು ಅದರ ಭೀಕರ ಅಂತ್ಯವನ್ನು ಕುರಿತ ಕಥೆ ಅಚ್ಚಾಯಿತು. ದಿನಪತ್ರಿಕೆಯಲ್ಲಿ ಕಂಡ ದರೋಡೆಕೋರನೊಬ್ಬನ ಅಡ್ಡಹೆಸರು ಅವರ ಅತಿ ಪ್ರಸಿದ್ಧ ಕಥೆಯ ಕೊಲೆಗಾರನ ಹೆಸರಾಯಿತು. ವೈದ್ಯರ ಕಾಯುವ ಕೋಣೆಯಲ್ಲಿ ಕುಳಿತಿದ್ದಾಗ ಕಣ್ಣಿಗೆ ಬಿದ್ದ ಹೆಂಗಸೊಬ್ಬಳು ‘ರೆವೆಲೇಷನ್’ ಎಂಬ ಕಥೆಯ ನಾಯಕಿಯಾದಳು. ತಾನೇ ದೇವರಿಗೆ ಮೆಚ್ಚಿನವಳೆಂದು ಬೀಗುವ ಗೃಹಿಣಿಯೊಬ್ಬಳ ಗರ್ವ ಹಂದಿಯ ದೊಡ್ಡಿಯ ಎದುರಿನಲ್ಲಿ ಮುರಿಯುವ ಕಥೆಯದು.

ಲೇಖಕನಾದವನು ದಿಟ್ಟಿಸಿ ನೋಡಲು ನಾಚಬಾರದು ಎಂದು ಅವರು ಯುವ ಬರಹಗಾರರಿಗೆ ಹೇಳುತ್ತಿದ್ದರು. ದೊಡ್ಡ ತತ್ವದಿಂದ ಕಥೆ ಹುಟ್ಟುವುದಿಲ್ಲ. ಕಣ್ಣು, ಕಿವಿ, ಮೂಗುಗಳಿಗೆ ದಕ್ಕಿದ್ದರಿಂದ ಹುಟ್ಟುತ್ತದೆ ಎಂಬುದು ಅವರ ಬೋಧನೆ. ಒಂದು ವಸ್ತು ಓದುಗನ ಮುಂದೆ ನಿಜವಾಗಿ ನಿಲ್ಲಬೇಕಾದರೆ ಇಂದ್ರಿಯಗಳಿಗೆ ತಾಗುವ ಕನಿಷ್ಠ ಮೂರು ವಿವರಗಳು ಬೇಕೆಂಬ ಪಾಠವನ್ನು ಕಥೋಲಿಕ ಲೇಖಕಿ ಕ್ಯಾರೊಲಿನ್ ಗಾರ್ಡನ್ ಅವರಿಂದ ಕಲಿತಿದ್ದರು. ತಮ್ಮ ಹಸ್ತಪ್ರತಿಗಳನ್ನು ಗಾರ್ಡನ್ ಅವರಿಗೆ ಕಳುಹಿಸಿ, ಅವರು ಬರೆಯುತ್ತಿದ್ದ ಉದ್ದನೆಯ ಟೀಕೆಗಳನ್ನು ಓದಿ, ಮತ್ತೆ ತಿದ್ದುತ್ತಿದ್ದರು. ಹೆಸರು ಬಂದ ಮೇಲೂ ಈ ಶಿಷ್ಯವೃತ್ತಿಯನ್ನು ಬಿಡಲಿಲ್ಲ.

ಕಥೆಯ ಅಂತ್ಯ ತಿಳಿದ ಮೇಲೆಯೇ ಬರೆಯಲು ತೊಡಗಬೇಕೆಂದೂ ಅವರು ಕಾಯಲಿಲ್ಲ. ಮರದ ಕಾಲಿನ ಯುವತಿಯೊಬ್ಬಳನ್ನು ಬೈಬಲ್ ಮಾರುವವನೊಬ್ಬ ವಂಚಿಸುವ ಕಥೆಯನ್ನು ಆರಂಭಿಸಿದಾಗ, ಆತ ಆ ಕಾಲನ್ನೇ ಕದಿಯುತ್ತಾನೆಂಬುದು ಅವರಿಗೆ ಗೊತ್ತಿರಲಿಲ್ಲ. ಹತ್ತು ಹನ್ನೆರಡು ಸಾಲುಗಳ ಮೊದಲಷ್ಟೇ ಅದು ಹೊಳೆಯಿತು. ಹೊಳೆದೊಡನೆ ಅದು ಹಾಗೆಯೇ ಆಗಬೇಕೆಂಬುದು ಸ್ಪಷ್ಟವಾಯಿತು. ಕಲ್ಪನೆ ಬಂದ ಮೇಲೆ ಬರೆಯುವುದಲ್ಲ, ಬರೆಯುತ್ತಿದ್ದಾಗಲೇ ಕಲ್ಪನೆ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಕಥೋಲಿಕ ಲೇಖಕಿಯ ಕಷ್ಟ

ಅವರ ಕಥೆಗಳಲ್ಲಿ ಕೊಲೆ, ಮೋಸ, ವಿಕಾರ ಮನಸ್ಸುಗಳು ತುಂಬಿವೆ. ಮನಸ್ಸಿಗೆ ಹಿತವಾಗುವಂಥ, ಭಕ್ತಿಯನ್ನು ಬೆಳೆಸುವಂಥ ಕಥೆ ಏಕೆ ಬರೆಯುವುದಿಲ್ಲವೆಂದು ಧರ್ಮಬಂಧುಗಳೇ ಆಕ್ಷೇಪಿಸಿದರು. ದೇವರ ವರಪ್ರಸಾದ ಗರ್ವಿಷ್ಠನ ಬಾಳಿನಲ್ಲಿ ಪ್ರವೇಶಿಸುವಾಗ ನೋವು ಕೊಟ್ಟೇ ಪ್ರವೇಶಿಸುತ್ತದೆ ಎಂಬುದು ಅವರ ನಿಲುವು. ಕೆಟ್ಟದ್ದಾಗಿ ಬರೆದ ಭಕ್ತಿಕಥೆಯಿಂದ ಧರ್ಮಸಭೆಗೆ ಸೇವೆ ಸಲ್ಲುವುದಿಲ್ಲವೆಂದೂ ನಂಬಿದ್ದರು. ಹಾಗೆಂದು ಧರ್ಮಸಭೆಯ ಚಿಕ್ಕ ಕೆಲಸಗಳನ್ನು ಕಡೆಗಣಿಸಲಿಲ್ಲ. 1956ರಿಂದ ಜಾರ್ಜಿಯಾದ ಧರ್ಮಪ್ರಾಂತೀಯ ಪತ್ರಿಕೆಗೆ ನೂರಕ್ಕೂ ಹೆಚ್ಚು ಪುಸ್ತಕ ವಿಮರ್ಶೆಗಳನ್ನು ಬರೆದುಕೊಟ್ಟರು. ಅಟ್ಲಾಂಟಾದಲ್ಲಿ ಬಡ ಕ್ಯಾನ್ಸರ್ ರೋಗಿಗಳ ಆರೈಕೆ ಮಾಡುತ್ತಿದ್ದ ಡೊಮಿನಿಕನ್ ಧರ್ಮಭಗಿನಿಯರು, ತಮ್ಮಲ್ಲಿ ಬೆಳೆದು ತೀರಿಕೊಂಡ ಬಾಲಕಿಯೊಬ್ಬಳ ಕಥೆ ಬರೆಯಬೇಕೆಂದು ಕೇಳಿದಾಗ, ಕಂಡವರೇ ಬರೆಯಲಿ ಎಂದು ಅವರಿಂದಲೇ ಬರೆಯಿಸಿ, ತಿದ್ದಿ, ಮುನ್ನುಡಿ ಬರೆದು 1961ರಲ್ಲಿ ಪುಸ್ತಕ ಹೊರಬರಲು ನೆರವಾದರು.

1958ರಲ್ಲಿ ಬಂಧುಗಳ ಒತ್ತಾಯಕ್ಕೆ ಮಣಿದು ತಾಯಿಯೊಂದಿಗೆ ಲೂರ್ದಿಗೆ ಯಾತ್ರೆ ಹೋದರು. ಅರೆಮನಸ್ಸಿನಿಂದಲೇ ಅಲ್ಲಿನ ನೀರಿನಲ್ಲಿ ಮಿಂದರು. ಅಲ್ಲಿ ಅವರು ಬೇಡಿಕೊಂಡದ್ದು ತಮ್ಮ ಸವೆದ ಎಲುಬುಗಳಿಗಾಗಿ ಅಲ್ಲ, ಮುಂದೆ ಸಾಗದೆ ನಿಂತಿದ್ದ ಎರಡನೆಯ ಕಾದಂಬರಿಗಾಗಿ. ಆ ಕಾದಂಬರಿ 1960ರಲ್ಲಿ ಪ್ರಕಟವಾಯಿತು.

ಅವರಲ್ಲಿ ದೋಷಗಳಿರಲಿಲ್ಲವೆಂದು ಹೇಳಿದರೆ ಸತ್ಯಕ್ಕೆ ಅಪಚಾರವಾದೀತು. ಬಿಳಿಯರ ಜನಾಂಗೀಯ ಗರ್ವವನ್ನು ಕಥೆಗಳಲ್ಲಿ ಕಟುವಾಗಿ ಬಯಲಿಗೆಳೆದ ಅವರೇ, ಖಾಸಗಿ ಪತ್ರಗಳಲ್ಲಿ ಕಪ್ಪು ಜನರ ಬಗ್ಗೆ ನೋಯಿಸುವ ಮಾತುಗಳನ್ನು ಬರೆದಿದ್ದರು. ಈ ಕಾರಣದಿಂದ 2020ರಲ್ಲಿ ಅಮೆರಿಕದ ಒಂದು ಯೇಸುಸಭೆಯ ವಿಶ್ವವಿದ್ಯಾನಿಲಯವು ವಸತಿಗೃಹವೊಂದಕ್ಕೆ ಇಟ್ಟಿದ್ದ ಅವರ ಹೆಸರನ್ನು ತೆಗೆದು, ಆಫ್ರಿಕನ್ ಅಮೆರಿಕನ್ ಧರ್ಮಭಗಿನಿ ಥಿಯಾ ಬೋಮನ್ ಅವರ ಹೆಸರನ್ನಿಟ್ಟಿತು. ತಮ್ಮ ನಾಯಕಿಯರಲ್ಲಿ ಕಂಡ ಗರ್ವ ಲೇಖಕಿಯಲ್ಲೂ ಉಳಿದಿತ್ತೆಂಬುದು ನಮಗೂ ಎಚ್ಚರಿಕೆಯ ಮಾತು.

ದಿಂಬಿನಡಿಯ ಕಥೆ

1964ರ ಫೆಬ್ರವರಿಯಲ್ಲಿ ಆದ ಶಸ್ತ್ರಚಿಕಿತ್ಸೆಯಿಂದ ಹತೋಟಿಯಲ್ಲಿದ್ದ ಲೂಪಸ್ ಮತ್ತೆ ಕೆರಳಿತು. ಮೂತ್ರಪಿಂಡಗಳು ಸೋಲತೊಡಗಿದವು. ಅಟ್ಲಾಂಟಾದ ಆಸ್ಪತ್ರೆಯಲ್ಲಿ ಮಲಗಿದ್ದಾಗ, ಬರೆಯುವುದನ್ನು ಎಲ್ಲಿ ನಿಷೇಧಿಸುವರೋ ಎಂಬ ಭಯದಿಂದ ಕಾಗದಗಳನ್ನು ದಿಂಬಿನಡಿಯಲ್ಲಿ ಅಡಗಿಸಿಟ್ಟು, ಯಾರೂ ಇಲ್ಲದಾಗ ತೆಗೆದು ತಿದ್ದುತ್ತಿದ್ದರು. ಆಗ ಅವರ ಕೈಯಲ್ಲಿದ್ದ ಕಥೆಗಳಲ್ಲಿ ಒಂದು, 1946ರಲ್ಲಿ ಅಚ್ಚಾದ ಅವರ ಮೊಟ್ಟಮೊದಲ ಕಥೆಯ ಹೊಸ ರೂಪ. ವಿದ್ಯಾರ್ಥಿನಿಯಾಗಿ ಬರೆದದ್ದನ್ನು ಹದಿನೆಂಟು ವರ್ಷಗಳ ಅಭ್ಯಾಸದ ಬಲದಿಂದ ಸಾವಿನ ಹಾಸಿಗೆಯಲ್ಲಿ ಮತ್ತೆ ಬರೆದು ಮುಗಿಸಿದರು. ಜುಲೈಯಲ್ಲಿ ವ್ಯಾಧಿಸ್ಥರ ಅಭ್ಯಂಗವನ್ನು ಸ್ವೀಕರಿಸಿ, ಆಗಸ್ಟ್ 3ರಂದು ಮಿಲೆಜ್‌ವಿಲ್‌ನಲ್ಲಿ ಕೊನೆಯುಸಿರೆಳೆದರು. ತಂದೆಯ ಸಮಾಧಿಯ ಪಕ್ಕದಲ್ಲಿ ಅವರನ್ನು ಭೂಸ್ಥಾಪನೆ ಮಾಡಲಾಯಿತು.

ಅವರ ಸಮಗ್ರ ಕಥೆಗಳ ಸಂಪುಟಕ್ಕೆ 1972ರಲ್ಲಿ ಅಮೆರಿಕದ ರಾಷ್ಟ್ರೀಯ ಪುಸ್ತಕ ಪ್ರಶಸ್ತಿ ದೊರೆಯಿತು. 1979ರಲ್ಲಿ ಸ್ಯಾಲಿ ಫಿಟ್ಸ್‌ಜೆರಾಲ್ಡ್ ಸಂಪಾದಿಸಿದ ಅವರ ಪತ್ರಗಳ ಸಂಪುಟದ ಶೀರ್ಷಿಕೆಯಲ್ಲಿಯೂ ಅಭ್ಯಾಸ ಎಂಬ ಅರ್ಥದ ಪದವೇ ಇದೆ. ಬಾಳಿಗೂ ಬರಹಕ್ಕೂ ಒಂದೇ ಅಭ್ಯಾಸವನ್ನು ನೇಮಿಸಿಕೊಂಡಿದ್ದವರಿಗೆ ಅದು ಒಪ್ಪುವ ಹೆಸರು.

ಆತ್ಮೀಯ ಓದುಗರೇ, ನಮ್ಮಲ್ಲಿ ಪ್ರತಿಯೊಬ್ಬರೂ ಫ್ಲಾನರಿ ಓಕಾನರ್ ಆಗಲಾರೆವು. ಆದರೆ ದಿನಕ್ಕೊಂದು ಗಂಟೆಯನ್ನು, ಮನೆಯ ಒಂದು ಮೂಲೆಯನ್ನು ಇದಕ್ಕಾಗಿ ಮೀಸಲಿಡುವುದು ಯಾರಿಗೂ ಅಸಾಧ್ಯವಲ್ಲ. ರಾತ್ರಿ ಜಪಸರಕ್ಕೆ ಮೊಣಕಾಲೂರುವಾಗ ಭಕ್ತಿ ಉಕ್ಕುತ್ತಿದೆಯೇ ಎಂದು ನಾವು ಕಾಯುವುದಿಲ್ಲ. ಹೊತ್ತಾಯಿತೆಂದು ಕೂಡುತ್ತೇವೆ, ಭಕ್ತಿ ಕೆಲವು ದಿನ ಬರುತ್ತದೆ, ಕೆಲವು ದಿನ ಬರುವುದಿಲ್ಲ. ಕಥೆಯ ಮೇಜಿಗೂ ಇದೇ ನಿಯಮ. ಮನೆಯಲ್ಲಿ ಮಗನೋ ಮಗಳೋ ನೋಟ್‌ಬುಕ್ ಹಿಡಿದು ಸುಮ್ಮನೆ ಕುಳಿತಿದ್ದರೆ, ಎಷ್ಟು ಪುಟವಾಯಿತೆಂದು ಹೆತ್ತವರು ಕೇಳುವುದು ಬೇಡ. ಕುಳಿತಿರುವುದೂ ಆ ಕೆಲಸದ ಭಾಗವೇ. ದೇವರು ಕೊಟ್ಟ ಪ್ರತಿಭೆಯನ್ನು ಮಣ್ಣಿನಲ್ಲಿ ಹೂತಿಟ್ಟ ಸೇವಕನ ಸಾಮತಿಯನ್ನು ನಾವು ದೇವಾಲಯದಲ್ಲಿ ಎಷ್ಟೋ ಬಾರಿ ಕೇಳಿದ್ದೇವೆ. ಪ್ರತಿಭೆ ಎಷ್ಟು ದೊಡ್ಡದೆಂದು ಅಳೆಯುವುದು ನಮ್ಮ ಕೆಲಸವಲ್ಲ. ನಾಳೆ ಬೆಳಿಗ್ಗೆ ನಿಗದಿಯಾದ ಹೊತ್ತಿಗೆ ಮೇಜಿನ ಮುಂದೆ ಕುಳಿತುಕೊಳ್ಳುವುದು ನಮ್ಮ ಕೆಲಸ.